ಅರ್ಧ ತುಂಬಿದ ಉಡಿ

ಗದಗು, ಮಿಕ್ಕಮಾಸದ ಒಂಬತ್ತನೆಯ ದಿನ, ಕ್ರಿ.ಶ. 2231

ನನ್ನ ಮುತ್ತಜ್ಜಿಯ ಮುತ್ತಜ್ಜಿಯವರಿಗೆ ದಾಕ್ಷಾಯಣಿ ಮಾಡುವ ಶಿರಸಾಷ್ಟಾಂಗ ನಮಸ್ಕಾರಗಳು.

ತಾರೀಕು ನೋಡಿ ಗಾಬರಿಯಾಗಬೇಡಿ. ನಿಮ್ಮ ಕಾಲದಲ್ಲಿ ಒಂದು ತಿಂಗಳಿಗೆ ಮೂವತ್ತು, ಇನ್ನೊಂದಕ್ಕೆ ಮೂವತ್ತೊಂದು, ಪಾಪದ ಫೆಬ್ರವರಿಗೆ ಇಪ್ಪತ್ತೆಂಟು ಎಂದು ದಿನಗಳನ್ನು ಹಂಚಿದ್ದರಂತೆ. ನಮ್ಮವರು ಎಲ್ಲ ತಿಂಗಳಿಗೂ ಇಪ್ಪತ್ತೆಂಟರಂತೆ ಸಮಪಾಲು ಮಾಡಿ, ಮಿಕ್ಕ ದಿನಗಳನ್ನು ಗುಡ್ಡೆ ಹಾಕಿ ಹದಿಮೂರನೆಯ ತಿಂಗಳೊಂದನ್ನು ಮಾಡಿದರು. ಅದೇ ಮಿಕ್ಕಮಾಸ. ಈ ತಿಂಗಳಲ್ಲಿ ಯಾರೂ ಮೈಮುರಿದು ದುಡಿಯುವುದಿಲ್ಲ, ಆದ್ದರಿಂದ ಕಾಗದ ಬರೆಯಲು ಹೇಳಿ ಮಾಡಿಸಿದ ಹೊತ್ತು. ನನ್ನ ಮಾತಿನಲ್ಲಿ ನೀವು ಕೇಳಿರದ ಪದಗಳು ಬರುತ್ತವೆ. ಬಂದ ಕಡೆಯೇ ಅರ್ಥ ಹೇಳುತ್ತ ಹೋಗುತ್ತೇನೆ, ಕ್ಷಮೆಯಿರಲಿ. ಈ ಕಾಗದ ತರುವುದು ಹಿಂದಂಚೆ, ಎಂದರೆ ಹಿಂದಿನ ಕಾಲಕ್ಕೆ ಹೋಗುವ ಅಂಚೆ. ಅದು ಅವರವರ ವಂಶದ ಹಿರಿಯರಿಗಷ್ಟೇ ಮುಟ್ಟುತ್ತದೆ, ಅದೂ ಒಬ್ಬರಿಗೆ ಜನ್ಮದಲ್ಲಿ ಒಂದೇ ಸಲ. ಚಿನ್ನದ ಬೆಲೆ, ಚುನಾವಣೆಯಲ್ಲಿ ಗೆದ್ದವರ ಹೆಸರು ಇಂಥದ್ದನ್ನು ಬರೆದರೆ ಅಂಚೆಯವರು ಒರೆಸಿಬಿಡುತ್ತಾರೆ. ಹಾಗಾಗಿ ನಿಮಗೆ ಲಾಭದ ಸುದ್ದಿ ಏನೂ ಇಲ್ಲ, ಮನೆಯ ಸುದ್ದಿ ಮಾತ್ರ.

ನಾವೆಲ್ಲ ಚೆನ್ನಾಗಿದ್ದೇವೆ. ನಾನು ಕಪ್ಪತಗುಡ್ಡದ ಮೇಲಿನ ಗಾಳಿಗಿರಣಿಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ಗಾಳಿ ಬೀಸಿದರೆ ಸಂಬಳ, ಬೀಸದಿದ್ದರೆ ನಿದ್ದೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಸಂಜೆಯ ಮಿರ್ಚಿ ಭಜಿ ಹಾಗೇ ಇವೆ, ಆ ಚಿಂತೆ ಬೇಡ. ಬದಲಾಗಿರುವುದು ನಮ್ಮ ಮನೆಗಳ ಪಡುವಣ ಗೋಡೆ. ಅದನ್ನು ಬೆಳಕುಗೋಡೆ ಎನ್ನುತ್ತೇವೆ. ನೀವು ಮೊಬೈಲಿನಲ್ಲಿ, ಕಂಪ್ಯೂಟರಿನಲ್ಲಿ ನೋಡುವುದೆಲ್ಲ ನಮಗೆ ಆ ಗೋಡೆಯಲ್ಲಿ ತೆರೆದುಕೊಳ್ಳುತ್ತದೆ. ನೀವು ಜಾಲತಾಣ ಎನ್ನುವುದನ್ನು ನಾವು ಅಂಗಳ ಎನ್ನುತ್ತೇವೆ, ಏಕೆಂದರೆ ನಾವು ಅದನ್ನು ಓದುವುದಿಲ್ಲ, ಅದರೊಳಗೆ ಹೋಗಿ ಕೂರುತ್ತೇವೆ. ಗೋಡೆಯ ಮುಂದೆ ಒಂದು ಮಣೆ ಇರುತ್ತದೆ. ಅದರ ಮೇಲೆ ಕುಳಿತು ಹೆಗಲಿಗೆ ಮುಟ್ಟುಶಾಲು ಹೊದ್ದರೆ ಆಯಿತು, ಅಲ್ಲಿಯ ಸೀರೆಯ ಸೆರಗು ನಮ್ಮ ಬೆರಳಿಗೆ ನುಣ್ಣಗೆ ಸಿಗುತ್ತದೆ, ಅಲ್ಲಿಯ ಚಹಾದ ಬಿಸಿ ಅಂಗೈಗೆ ತಾಗುತ್ತದೆ. ಕುಡಿಯಲು ಮಾತ್ರ ಬರುವುದಿಲ್ಲ. ಅದಕ್ಕೊಂದು ದಾರಿ ಕಂಡುಹಿಡಿಯುವವನಿಗೆ ಊರಿನಲ್ಲಿ ಸನ್ಮಾನ ಕಾದಿದೆ.

ಮಣೆಗೆ ಒಂದು ಕಾನೂನಿದೆ: ಕುಳಿತವರು ಎದ್ದರೆ ಅಂಗಳ ಆರಿಹೋಗಬೇಕು. ಇದು ಬಂದದ್ದು ನಿಮ್ಮ ಕಾಲದವರು ಪಟ್ಟ ಪಾಡಿನಿಂದ ಎಂದು ಶಾಲೆಯಲ್ಲಿ ಹೇಳಿಕೊಡುತ್ತಾರೆ. ನಿಮ್ಮಲ್ಲಿ ಕೆಟ್ಟ ಜಾಲತಾಣಗಳಿದ್ದವಂತೆ. ಏನೋ ಹುಡುಕಲು ಹೋದವರ ಪರದೆ ಇದ್ದಕ್ಕಿದ್ದಂತೆ ಕೆಂಪಾಗಿ, ಸೈರನ್ ಕೂಗಿ, ವೈರಸ್ ಬಂದಿದೆ, ಈಗಲೇ ಈ ನಂಬರಿಗೆ ಫೋನ್ ಮಾಡಿ ಎಂದು ಹೆದರಿಸುತ್ತಿತ್ತಂತೆ. ಮುಚ್ಚಲು ಹೋದರೆ ಮುಚ್ಚುವ ಗುರುತೇ ಮಾಯ. ಹಿಂದಕ್ಕೆ ಒತ್ತಿದರೆ ಮತ್ತೆ ಅಲ್ಲಿಗೇ. ನಿಜವಾಗಿಯೂ ಹೋಗುತ್ತೀರಾ ಎಂದು ಕೇಳುವ ಒಂದು ಪೆಟ್ಟಿಗೆ, ಅದಕ್ಕೆ ಉತ್ತರ ಕೊಟ್ಟರೆ ಅದರ ತಮ್ಮನಂಥ ಇನ್ನೊಂದು. ಈಗ ಅಂಥ ಬಲವಂತ ನಡೆಯುವುದಿಲ್ಲ. ಎದ್ದರೆ ಮುಗಿಯಿತು. ಆದರೆ ಕಳ್ಳರು ಕಳ್ಳರೇ, ನಾವು ಚಾಪೆಯ ಕೆಳಗೆ ತೂರಿದರೆ ಅವರು ರಂಗೋಲಿಯ ಕೆಳಗೆ ನುಸುಳುವವರು. ಕಟ್ಟಿಹಾಕಲು ಆಗದಿದ್ದರೇನು, ಏಳದಂತೆ ಮಾಡಿದರಾಯಿತಲ್ಲ ಎಂದು ಅವರು ಮರ್ಯಾದೆಯನ್ನು ಕಲಿತರು.

ಅದಕ್ಕಾಗಿಯೇ ನಮ್ಮ ಶಾಲೆಗಳಲ್ಲಿ ಏಳುವ ಪಾಠ ಎಂಬ ಒಂದು ತಾಸು ಇರುತ್ತದೆ. ಮಾಸ್ತರರು ಸೊಗಸಾದ ಕಥೆಯೊಂದನ್ನು ಹೇಳುತ್ತಾರೆ. ರಾಜಕುಮಾರಿ ಇನ್ನೇನು ಬಾವಿಗೆ ಹಾರಬೇಕು ಎನ್ನುವಷ್ಟರಲ್ಲಿ ಮಕ್ಕಳು ತುಟಿ ಪಿಟಕ್ಕೆನ್ನದೆ ಎದ್ದು ಹೊರಗೆ ಹೋಗಬೇಕು. ಕೂತವರು ನಪಾಸು. ನಾನು ಪ್ರತಿವರ್ಷ ನಪಾಸು. ಅಷ್ಟು ಒಳ್ಳೆಯ ಕಥೆಯನ್ನು ಬಿಟ್ಟು ಏಳುವುದು ಯಾವ ಸಂಸ್ಕಾರ ಎಂದು ನನಗೆ ಈಗಲೂ ಅನ್ನಿಸುತ್ತದೆ.

ಮೊನ್ನೆ ನಮ್ಮ ತಮ್ಮ ಚನವೀರನ ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯವಿತ್ತು. ಸೋದರತ್ತೆ ಎಂದರೆ ನಾನೊಬ್ಬಳೇ, ಕಿವಿಯಲ್ಲಿ ಹೆಸರು ಹೇಳಬೇಕಾದವಳೂ ನಾನೇ. ಇದು ನಿಮ್ಮಲ್ಲೂ ಇದ್ದ ಪದ್ಧತಿ. ಆದರೆ ನಮ್ಮಲ್ಲಿ ಇದರ ತೂಕ ಹೆಚ್ಚು. ನೀವು ಪಾಸ್‌ವರ್ಡ್ ಎಂದು ಏನೇನೋ ಅಂಕಿ ಅಕ್ಷರ ಇಟ್ಟುಕೊಂಡು ಮರೆಯುತ್ತಿದ್ದಿರಿ. ನಮಗೆ ಇರುವುದು ಹೆಸರುಬೀಗ. ತೊಟ್ಟಿಲಿಗೆ ಒಂದು ಕೇಳುಮಣಿ ಕಟ್ಟುತ್ತಾರೆ. ಸೋದರತ್ತೆ ಮೊದಲ ಸಲ ಬಾಯಿಬಿಟ್ಟು ಹೇಳಿದ ಹೆಸರನ್ನು, ಅವಳ ದನಿಯ ಸಮೇತ, ಆ ಮಣಿ ಕೇಳಿ ಮುಚ್ಚಿಕೊಳ್ಳುತ್ತದೆ. ಕೂಸಿನ ಮನೆ, ಹೊಲ, ಔಷಧಿ, ಮುಂದಿನ ದುಡಿಮೆ ಎಲ್ಲಕ್ಕೂ ಅದೇ ಬೀಗ. ಕೂಸಿಗೆ ಹದಿನೆಂಟು ತುಂಬುವವರೆಗೆ ಅದನ್ನು ಬದಲಿಸಲು ಬರುವುದಿಲ್ಲ. ಆ ಮೊದಲ ಉಚ್ಚಾರ ಬೇರೆ ಯಾರದೋ ಅಂಗಳದಲ್ಲಿ ಬಿದ್ದರೆ, ಅವರ ಕೈಯಲ್ಲಿ ಕೂಸಿನ ಬಾಳಿನ ಬೀಗದಕೈ ಸಿಕ್ಕಂತೆ. ಆದ್ದರಿಂದ ಚನವೀರನ ಹೆಂಡತಿ ಶಾಂಭವಿ ತಾನು ಆರಿಸಿದ ಹೆಸರನ್ನು ನನಗೆ ಹೇಳಿರಲಿಲ್ಲ. ರೊಟ್ಟಿ ಬಡಿಯುತ್ತಿದ್ದವಳು ಹರಡಿದ ಹಿಟ್ಟಿನಲ್ಲಿ ಬೆರಳಿನಿಂದ ಬರೆದು ತೋರಿಸಿ, ನಾನು ತಲೆಯಾಡಿಸಿದ ಮೇಲೆ ಅಳಿಸಿ ಅದೇ ಹಿಟ್ಟಿನಿಂದ ರೊಟ್ಟಿ ಮಾಡಿ ನನಗೇ ಬಡಿಸಿದಳು.

ತೊಟ್ಟಿಲಿನ ದಿನ ಬೆಳಿಗ್ಗೆ ಎದ್ದರೆ ಕೂಸಿನ ತಲೆಗೆ ಹಾಕುವ ಕುಂಚಿಗೆಯನ್ನೇ ತಂದಿಲ್ಲ. ಅತ್ತೆಯಾದವಳು ಬರಿಗೈಯಲ್ಲಿ ಹೋಗುವುದುಂಟೇ? ಮಣೆಯ ಮೇಲೆ ಕುಳಿತು ಸದಾ ಹೋಗುವ ಬಟ್ಟೆಯ ಅಂಗಳಕ್ಕೆ ಹೊರಟೆ. ಅದರ ಬಾಗಿಲ ಪಕ್ಕದಲ್ಲೇ ಅಂಥದ್ದೇ ತೋರಣದ ಇನ್ನೊಂದು ಬಾಗಿಲಿತ್ತು, ಬೆಲೆ ಸ್ವಲ್ಪ ಕಡಿಮೆ ಬರೆದಿತ್ತು. ಅಗ್ಗ ಅಂದರೆ ಎರಡು ಕೊಳ್ಳುವ ವಂಶ ನಮ್ಮದು. ಒಳಗೆ ಹೋದೆ. ಇಳಕಲ್ ಸೀರೆಯುಟ್ಟ ಹೆಂಗಸೊಬ್ಬಳು ಬಾಯಿ ತುಂಬ ಕರೆದಳು, "ಬರ್ರೀ ಅಕ್ಕಾರ, ತೊಟ್ಟಲಾ ಐತೇನ್ರೀ ಮನ್ಯಾಗ?" ಕುಂಚಿಗೆ ನಿಜಕ್ಕೂ ಚೆಂದವಿತ್ತು. ನಾನು ಅರ್ಧ ಬೆಲೆಗೆ ಕೇಳಿದೆ, ಆಕೆ ಮರುಮಾತಿಲ್ಲದೆ ಒಪ್ಪಿಕೊಂಡಳು. ಅಲ್ಲೇ ನನಗೆ ಎಚ್ಚರವಾಗಬೇಕಿತ್ತು. ಬಟ್ಟೆ ಮಾರುವವರು ಒಂದೇ ಮಾತಿಗೆ ಅರ್ಧಕ್ಕೆ ಇಳಿದದ್ದನ್ನು ನೀವೂ ಕಂಡಿರಲಾರಿರಿ.

ಆಮೇಲೆ ಆಕೆ ಸಹಜವಾಗಿ ಕೇಳಿದಳು, "ಕೂಸಿನ ಹೆಸರ ಒಂದ್ಸಲ ಹೇಳಿಬಿಡ್ರೀ, ಕುಂಚಿಗಿ ಮ್ಯಾಲೆ ಈಗಿಂದೀಗ ಕಸೂತಿ ಹಾಕಿಸಿ ಕೊಡ್ತೀನಿ." ಅಷ್ಟು ದಡ್ಡಿ ನಾನಲ್ಲ. ಬೇಡ ಎಂದು ಹೊರಟೆ. ಹೊರಗೆ ಎಂದು ಬರೆದ ಬಾಗಿಲು ಹಿಡಿದರೆ ಅದು ಒಳಪಡಸಾಲೆಗೆ ತೆರೆಯಿತು, ಅಲ್ಲೂ ಆಕೆಯೇ. ಇನ್ನೊಂದು ಬಾಗಿಲು ಹಿಡಿದೆ, ಮತ್ತೆ ಆಕೆಯೇ, ಈ ಸಲ ಕೈಯಲ್ಲಿ ಅಕ್ಕಿಯ ತಟ್ಟೆ. "ತೊಟ್ಟಲ ಮನಿ ಅತ್ತಿ ಬರೇ ಉಡೀಲೆ ಹೋಗಬಾರದ್ರೀ. ಒಂದ ಗಳಿಗಿ ಕೂಡ್ರಿ" ಎಂದಳು. ನಾನು ಸೆರಗು ಒಡ್ಡಿದೆ. ಉಡಿ ತುಂಬುವಾಗ ನಡುವೆ ಏಳಬಾರದು ಎನ್ನುವುದು ನಿಮಗೆ ಹೇಳಿಕೊಡಬೇಕಾದ ಮಾತಲ್ಲ. ಐದು ಬೊಗಸೆ ಬೀಳಬೇಕು, ಕೊಬ್ಬರಿ ಬೀಳಬೇಕು, ಕುಂಕುಮವಾಗಬೇಕು. ಅರ್ಧ ಉಡಿಯಲ್ಲಿ ಎದ್ದ ಹೆಂಗಸು ತೊಟ್ಟಿಲು ತೂಗುವುದುಂಟೇ, ಅಪಶಕುನವಲ್ಲವೇ? ಆಕೆಗೆ ಅದು ನನಗಿಂತ ಚೆನ್ನಾಗಿ ಗೊತ್ತಿತ್ತು. ನಾಲ್ಕು ಬೊಗಸೆ ಹಾಕಿದಳು. ಐದನೆಯದಕ್ಕೆ ಅಕ್ಕಿ ತೀರಿತು. ಅಕ್ಕಿ ಬಂತು, ಎಣಿಕೆ ತಪ್ಪಿತೆಂದು ಮೊದಲಿನಿಂದ ಶುರುಮಾಡಿದಳು. ಈ ಸಲ ಕೊಬ್ಬರಿ ಒಡಕಾಗಿತ್ತು. ಮತ್ತೆ ಮೊದಲಿನಿಂದ. ಪ್ರತಿ ಸಲವೂ ನಡುವೆ ನಗುತ್ತಾ, "ಹೆಸರ ಏನಂದ್ರಿ?"

ಎದ್ದರೆ ಸಾಕು ಎಂದು ನನಗೆ ಗೊತ್ತಿತ್ತು. ನನ್ನನ್ನು ಯಾರೂ ಕಟ್ಟಿಹಾಕಿರಲಿಲ್ಲ. ಆದರೂ ಏಳಲಿಲ್ಲ. ಸೊಂಟ ಬಿಟ್ಟುಹೋಗುವಂತೆ ಕುಳಿತೇ ಇದ್ದೆ. ಅಡುಗೆಮನೆಯಿಂದ ನಮ್ಮವ್ವ ಗಾಳೆವ್ವ ಹೊತ್ತಾಯಿತೆಂದು ಕರೆಯುತ್ತಿದ್ದಳು, ಚನವೀರನ ಮನೆಯಿಂದ ಮೇಲಿಂದ ಮೇಲೆ ಕರೆ. ನನಗೆ ಸಿಟ್ಟು, ನಾಚಿಕೆ, ಅಳು ಎಲ್ಲ ಒಟ್ಟಿಗೆ ಬರುತ್ತಿದ್ದವು. ಕೊನೆಗೆ ಒಂದು ಕೆಟ್ಟ ಯೋಚನೆ ಬಂತು: ಹೆಸರು ಹೇಳಿದರೆ ಈಕೆ ಐದನೆಯ ಬೊಗಸೆ ಹಾಕಿಬಿಡಬಹುದು, ಶುಭವಾಗಿ ಮುಗಿದುಹೋಗಬಹುದು. ನಿಜ ಹೇಳುತ್ತೇನೆ, ಬಾಯಿ ತೆರೆದೆ. ಹೆಸರಿನ ಮೊದಲ ಅಕ್ಷರಕ್ಕೆ ನಾಲಿಗೆ ಅಣಿಯಾಗಿತ್ತು. ಆಗ ಆ ಹೆಂಗಸು ಅಕ್ಕಿ ಹಾಕುವುದನ್ನು ನಿಲ್ಲಿಸಿ, ನನ್ನ ಮುಖವನ್ನೂ ನೋಡದೆ, ತುಟಿಯನ್ನೇ ನೋಡುತ್ತಾ ನಿಂತಳು. ನನ್ನ ಸೊಸೆಯ ಹೆಸರಿಗೆ ಬಾಯಿ ಚಪ್ಪರಿಸುತ್ತಿದ್ದಾಳಲ್ಲ ಎನ್ನಿಸಿ ಮೈಯೆಲ್ಲ ಉರಿದುಹೋಯಿತು. ಸೆರಗು ಕೊಡವಿ ಎದ್ದೆ. ಹೇಳಲಿಲ್ಲ, ಕೇಳಲಿಲ್ಲ, ಕೈ ಮುಗಿಯಲಿಲ್ಲ. ಗೋಡೆ ಆರಿ ಬರೀ ಸುಣ್ಣದ ಗೋಡೆಯಾಯಿತು.

ಕಥೆ ಇಲ್ಲಿಗೆ ಮುಗಿಯಲಿಲ್ಲ, ನಿಮಗೆ ಬೇಕಾದದ್ದು ಮುಂದಿದೆ. ಹೊರಟೆ ಎಂದು ಚನವೀರನಿಗೆ ತಿಳಿಸಲು ಮತ್ತೆ ಮಣೆಯ ಮೇಲೆ ಕುಳಿತೆ. ಗೋಡೆ ಬಹಳ ಪ್ರೀತಿಯಿಂದ ಕೇಳಿತು, ಬಿಟ್ಟುಬಂದಲ್ಲಿಗೇ ಕರೆದುಕೊಂಡು ಹೋಗಲೇ ಎಂದು. ಅದರಲ್ಲಿ ಕಪಟವಿಲ್ಲ, ಅದು ನಮ್ಮದೇ ಗೋಡೆ, ಒಳ್ಳೆಯ ಆಳಿನಂತೆ ಕೇಳುತ್ತದೆ. ಆದರೆ ನನ್ನ ಅರ್ಧ ಉಡಿ ಅಲ್ಲಿತ್ತು. ಹೋಗಿ ಒಂದೇ ಒಂದು ಬೊಗಸೆ ಹಾಕಿಸಿಕೊಂಡು ಬಂದರೆ ದೋಷ ಹೋಗುತ್ತದಲ್ಲ ಎಂದು ಕೈ ತಾನಾಗಿ ಮೇಲೆದ್ದಿತು. ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಅರ್ಧಾ ಉಡಿ ಅಂತ ಅಳಾಕತ್ತಿಯೇನ? ಅಕಿ ನಿನ್ನ ಉಡಿ ಎಲ್ಲಿ ತುಂಬಿದ್ಲು, ಉಡಿಗೆ ಕೈ ಹಾಕಿದ್ಲು. ಬಾ ಇಲ್ಲೆ" ಎಂದಳು. ನಾನು ಗೋಡೆಗೆ ಬೇಡ ಎಂದು ಹೇಳಿ ಅಡುಗೆಮನೆಗೆ ಹೋದೆ. ಅಕ್ಕಿ ಡಬ್ಬಿಯಲ್ಲಿ ಇರಲಿಲ್ಲ, ಅವ್ವ ಗೋಧಿಯಲ್ಲೇ ಐದು ಬೊಗಸೆ ತುಂಬಿದಳು. ಎಷ್ಟು ಭಾರವಿತ್ತೆಂದರೆ ಸೆರಗು ಹಿಡಿದುಕೊಳ್ಳಲು ಎರಡೂ ಕೈ ಬೇಕಾದವು.

ಮುಹೂರ್ತಕ್ಕೆ ಓಡೋಡಿ ಮುಟ್ಟಿದೆ. ಕುಂಚಿಗೆ ಇಲ್ಲದ್ದಕ್ಕೆ ಬೀಗರು ಮೂಗು ಮುರಿದರು, ಮುರಿಯಲಿ. ಕೂಸು ಕಣ್ಣು ಬಿಟ್ಟುಕೊಂಡು ತೊಟ್ಟಿಲಿನ ಗಿಳಿಯನ್ನು ನೋಡುತ್ತಿತ್ತು. ಬಾಗಿ ಕಿವಿಯಲ್ಲಿ ಹೆಸರು ಹೇಳಿದೆ. ಹೆಂಗಸರೆಲ್ಲ ನನ್ನ ಬೆನ್ನಿಗೆ ಪದ್ಧತಿಯಂತೆ ಗುದ್ದಿದರು, ಕೆಲವರು ಹಳೆಯ ಲೆಕ್ಕವನ್ನೂ ಸೇರಿಸಿ ಗುದ್ದಿದರು. ಕೇಳುಮಣಿ ಟಕ್ ಎಂದು ಮುಚ್ಚಿಕೊಂಡಿತು. ನನಗೆ ಅಷ್ಟು ಸಂತೋಷ ಎಂದೂ ಆಗಿರಲಿಲ್ಲ. ಇವತ್ತಿಗೂ ಬೆನ್ನು ನೋಯುತ್ತಿದೆ, ಆದರೂ ಖುಷಿಯಾಗಿದ್ದೇನೆ.

ನಿಮಗೆ ನಮ್ಮಂತೆ ಮಣೆಯಿಲ್ಲ, ಎದ್ದುಬಿಟ್ಟರೆ ನಿಮ್ಮ ಪರದೆ ಆರುವುದಿಲ್ಲ. ಆದ್ದರಿಂದ ಚಿಕ್ಕವಳ ಮಾತು ಎನ್ನದೆ ಕೇಳಿ. ಅಂಥ ಪುಟ ಎದುರಾದರೆ ಅದು ತೋರಿಸುವ ಯಾವ ಗುಂಡಿಯನ್ನೂ ಒತ್ತಬೇಡಿ, ಬೇಡ ಎಂದು ಬರೆದಿರುವುದನ್ನೂ ಒತ್ತಬೇಡಿ. ಆ ಬಾಗಿಲೂ ಅವರದೇ. ಅದು ಕೊಟ್ಟ ನಂಬರಿಗೆ ಫೋನ್ ಮಾಡಿ ಮಾತಿಗೆ ಕೂರಬೇಡಿ. ನಿಮ್ಮ ಯಂತ್ರದ ಕಡೆಯಿಂದ ಇಡೀ ಬ್ರೌಸರನ್ನೇ ಮುಚ್ಚಿ. ಅದಕ್ಕೂ ಬಗ್ಗದಿದ್ದರೆ ಪವರ್ ಗುಂಡಿಯನ್ನು ಒತ್ತಿ ಹಿಡಿದು ಆರಿಸಿ. ತೆರೆದಿಟ್ಟ ಬೇರೆ ಕೆಲಸ ಅರ್ಧಕ್ಕೆ ಹೋಗುತ್ತದಲ್ಲ ಎಂದು ಸಂಕಟವಾಗುತ್ತದೆ, ಹೋದರೆ ಹೋಗಲಿ, ಮತ್ತೆ ಮಾಡಿದರಾಯಿತು. ಮರಳಿ ಹೊತ್ತಿಸಿದಾಗ ಹಿಂದಿನ ಪುಟಗಳನ್ನು ತೆರೆಯಲೇ ಎಂದು ಬ್ರೌಸರು ಪ್ರೀತಿಯಿಂದ ಕೇಳುತ್ತದೆ. ಆಗ ಬೇಡ ಎನ್ನಿ. ನನಗೆ ಎಚ್ಚರಿಸಲು ಅವ್ವ ಇದ್ದಳು, ಆ ಹೊತ್ತಿನಲ್ಲಿ ನಿಮ್ಮ ಪಕ್ಕದಲ್ಲಿ ಯಾರಿರುತ್ತಾರೋ ತಿಳಿಯದು.

ಇಷ್ಟು ಅಜ್ಜಿಯರಿರುವಾಗ ಜನ್ಮಕ್ಕೊಂದೇ ಕಾಗದವನ್ನು ನಿಮಗೇ ಏಕೆ ಬರೆದೆ ಎಂದು ಕೇಳುತ್ತೀರಿ. ಬಸುರಿಯಾಗಿದ್ದಾಗ ಶಾಂಭವಿ ನಮ್ಮ ವಂಶದ ಮರವನ್ನು ಹರಡಿಕೊಂಡು ಬೆರಳಾಡಿಸುತ್ತಾ ಮೇಲಕ್ಕೆ, ಇನ್ನೂ ಮೇಲಕ್ಕೆ ಹೋಗಿ, ಒಂದು ಕಡೆ ನಿಂತಳು. ನಿಮ್ಮ ವಿಷಯ ನಮಗೆ ಬೇರೇನೂ ಗೊತ್ತಿಲ್ಲ, ಫೋಟೊ ಕೂಡ ಉಳಿದಿಲ್ಲ. ಬಾಯಿಬಿಟ್ಟು ಹೇಳಿದ್ದನ್ನಷ್ಟೇ ಕದಿಯಲು ಬರುತ್ತದೆ, ಬರೆದರೆ ಅಪಾಯವಿಲ್ಲ ಎನ್ನುತ್ತಾರೆ. ಆದರೂ ಕೂಸಿನ ಹೆಸರನ್ನು ಇಲ್ಲಿ ಬರೆಯಲು ನನಗೆ ಕೈ ಬರುತ್ತಿಲ್ಲ. ನೀವೇ ಒಂದು ಉಪಕಾರ ಮಾಡಿ. ಇವತ್ತು ಮನೆಯಲ್ಲಿರುವ ಮೊಬೈಲು, ಕಂಪ್ಯೂಟರು ಎಲ್ಲವನ್ನೂ ಆರಿಸಿ, ಸುಮ್ಮನೆ ಕುಳಿತು, ನಿಮ್ಮ ಹೆಸರನ್ನು ನೀವೇ ಒಮ್ಮೆ ಮೆಲ್ಲಗೆ ಹೇಳಿಕೊಳ್ಳಿ. ಮೊನ್ನೆ ನಾನು ಕೂಸಿನ ಕಿವಿಯಲ್ಲಿ ಹೇಳಿದ್ದು ಅದನ್ನೇ.