ಬೇಸಿನ್ ಕೆಳಗಿನ ಹಸಿರು ತಂತಿ

ಮಾರ್ಚ್ ೪, ಬೆಳಿಗ್ಗೆ
ಮಗಳ ಕ್ಲಿನಿಕ್ಕಿನ ಬಾಗಿಲು ತೆಗೆದೆ. ಕುರ್ಚಿಗಳನ್ನು ಒರೆಸಿದೆ. ಕನ್ನಡಕಕ್ಕೆ ಹುಡುಕಾಟ... ಹಣೆಯ ಮೇಲೇ ಇತ್ತು. ಹೆಂಡತಿ ಇದ್ದಿದ್ದರೆ ಬಿದ್ದು ಬಿದ್ದು ನಗುತ್ತಿದ್ದಳು.

ಮಗಳು ಹಲ್ಲಿನ ಎಕ್ಸ್‌ರೇ ತೆಗೆದರೆ ಚಿತ್ರ ಕಂಪ್ಯೂಟರಿಗೆ ಬರುವಷ್ಟರಲ್ಲಿ ಅರ್ಧಕ್ಕೇ ನಿಲ್ಲುತ್ತಿತ್ತು. ನಿನ್ನೆ ನೆಟ್‌ವರ್ಕಿನವನು ಬಂದು ಲೋಹದ ಹೊದಿಕೆಯ ಕೇಬಲ್ ಎಳೆದ. ಗೋಡೆಗೆ ಕಬ್ಬಿಣದ ಪೆಟ್ಟಿಗೆ ಹೊಡೆದು ಒಳಗೆ ಸ್ವಿಚ್ ಇಟ್ಟ. ದೀಪದ ಸ್ವಿಚ್ಚಲ್ಲ — ಕೇಬಲ್‌ಗಳೆಲ್ಲ ಬಂದು ಸೇರುವ ಡಬ್ಬಿ. ಕರೆಂಟು ಹೋದರೂ ನಿಲ್ಲದಂತೆ ಅದಕ್ಕೂ ಎಕ್ಸ್‌ರೇಗೂ ಸೇರಿಸಿ ಒಂದು ಯುಪಿಎಸ್ ಬ್ಯಾಟರಿ ಬೇರೆ. ಹೊರಡುವಾಗ ಅಂದ: "ಪೆಟ್ಟಿಗೆಯಿಂದ ಬರೋ ಈ ಹಸಿರು ತಂತಿಗೆ ಅರ್ಥಿಂಗ್ ಆಗ್ಲೇಬೇಕು ಸಾರ್. ಎಲೆಕ್ಟ್ರಿಷಿಯನ್ನ ಕರೆಸಿ."

ಇಷ್ಟಕ್ಕೆ ಎಲೆಕ್ಟ್ರಿಷಿಯನ್ ಯಾಕೆ? ಬೇಸಿನ್ನಿನ ಕೆಳಗೆ ಕಬ್ಬಿಣದ ಪೈಪಿದೆ, ನೆಲದೊಳಗೇ ಹೋಗಿದೆ. ಕೆರೆದು, ತಂತಿ ಸುತ್ತಿ, ಕ್ಲಾಂಪ್ ಬಿಗಿದೆ. ಹಿಂದೆ ಮನೆಯ ರೇಡಿಯೋಗೂ ಹಾಗೇ ಮಾಡಿದ್ದೆ. "ಅರ್ತ್ ಈಸ್ ಎ ರಿಸರ್ವಾಯರ್ ಆಫ್..." ಆಫ್ ಏನೋ. ಸ್ಕೂಲಿನ ಮೇಷ್ಟರ ಮುಖ ನೆನಪಿದೆ, ವಾಕ್ಯ ಇಲ್ಲ.

ಚಿತ್ರ ಪೂರ್ತಿ ಬಂತು. ಹಲ್ಲಿನ ಬೇರಿನ ತನಕ.

ಮಾರ್ಚ್ ೭
ಬೇಸಿನ್ ಪೈಪು ಸೋರಿಕೆ. ಪ್ಲಂಬರ್ ಬಂದ. "ಏನ್ ಯಜಮಾನ್ರೇ, ಪೈಪ್ ಓಡಿಹೋಗುತ್ತೆ ಅಂತ ಕಟ್ಟಿಹಾಕಿದೀರಾ?" ನನಗೂ ನಗು. ಪೈಪು ಬದಲಿಸಿ, ತಂತಿಯನ್ನು ಮತ್ತೆ ಕಟ್ಟಿಯೇ ಹೋದ. ಒಳ್ಳೆಯವನು.

ಮಾರ್ಚ್ ೧೧
"ಅಪ್ಪಾ, ಆ ಪೆಟ್ಟಿಗೆ ಕಚ್ಚುತ್ತೆ ಕಣಪ್ಪಾ. ಜುಮ್ ಅಂತು."
"ಸ್ವೆಟರ್ ಹಾಕ್ಕೊಂಡಿದೀಯ. ಉಣ್ಣೆಯಿಂದ ಬರೋ ಸ್ಟ್ಯಾಟಿಕ್ ಕರೆಂಟು ಅದು."
"ಹೂಂ, ಬಂದ್ರು ವಿಜ್ಞಾನಿಗಳು."

ಅವಳ ಕೈ ಒದ್ದೆಯಿತ್ತು. ದಿನವಿಡೀ ಒದ್ದೆಯೇ. ಅವಳಮ್ಮ ಶಾಕ್ ಹೊಡೆದೀತೆಂದು ಫ್ರಿಜ್ಜನ್ನೂ ಮೊದಲು ಕೈ ಹಿಂಬದಿಯಿಂದ ಮುಟ್ಟಿ ನೋಡಿಯೇ ಬಾಗಿಲು ತೆಗೆಯುತ್ತಿದ್ದಳು. ಯಾಕೋ ಅದೇ ಕಣ್ಣ ಮುಂದೆ.

ಮಾರ್ಚ್ ೧೨, ಬೆಳಿಗ್ಗೆ
ತಡೆಯಲಾಗದೆ ನೆಟ್‌ವರ್ಕಿನವನಿಗೆ ಫೋನ್ ಮಾಡಿದೆ.

"ಎಕ್ಸ್‌ರೇ ಮೆಷಿನ್‌ನಲ್ಲಿ ಕರೆಂಟ್ ಸೋರ್ತಿದ್ರೆ, ಕೇಬಲ್ ಹೊದಿಕೆ ಹಿಡಿದು ಸ್ವಿಚ್ಚಿಗೆ ಬರುತ್ತೆ ಸಾರ್. ಅಲ್ಲಿಂದ ಹಸಿರು ತಂತೀಲಿ ನೆಲಕ್ಕೆ ಹೋಗ್ಬೇಕು. ತಂತಿ ಎಲ್ಲಿಗೆ ಕೊಟ್ಟಿದೀರಿ?"
"ಪೈಪಿಗೆ."
"ಕಬ್ಬಿಣದ್ದಾ?"

ಬಗ್ಗಿ ನೋಡಿದೆ. ಬಿಳಿ ಪೈಪು. ಪ್ಲಾಸ್ಟಿಕ್ಕು! ಅದಕ್ಕೆ ನನ್ನ ತಂತಿ, ಅಚ್ಚುಕಟ್ಟಾಗಿ.

"ಯಾರೂ ಪೆಟ್ಟಿಗೆ ಮುಟ್ಬೇಡಿ. ಬಂದೆ" ಅಂದ. ಓಡಿಹೋಗಿ ಮೇನ್ ಆಫ್ ಮಾಡಿದೆ.

ಅದೇ ದಿನ, ಹನ್ನೊಂದಾಗುತ್ತ ಬಂತು
ಮೇನ್ ಬೋರ್ಡಿನ ಮುಂದೆ ಸ್ಟೂಲ್ ಹಾಕಿ ಕಾವಲು ಕೂತಿದ್ದೇನೆ. ನೆಟ್‌ವರ್ಕಿನವನ ಸುಳಿವಿಲ್ಲ. ಸುಮ್ಮನೆ ಕೂರಲಾಗದೆ ಇದನ್ನು ಬರೆಯುತ್ತಿದ್ದೇನೆ. ಒಳಗೆ ಪೇಷಂಟು ಬಾಯಿ ತೆರೆದುಕೊಂಡೇ ಕಾಯುತ್ತಿದ್ದಾನೆ. ಮಗಳು ಬಂದು ರೇಗಾಡಿದಳು.

"ಪೇಷಂಟ್ ಮುಂದೆ ಮಾನ ತೆಗೀತೀಯಲ್ಲಪ್ಪಾ! ಹಾಕು ಮೇನು."
"ಹಾಕಲ್ಲ."
"ಏನೂ ಇಲ್ಲ ಅಂತ ಆ ಪೆಟ್ಟಿಗೇನ ನಾನೇ ಮುಟ್ಟಿ ತೋರಿಸ್ತೀನಿ. ಅಮ್ಮನ ಥರ, ಕೈ ಹಿಂಬದಿಯಿಂದ. ಆಯ್ತಾ?"

ಆಯ್ತು ಅಂದೆ. ಮೇನ್ ಆಫ್ ಇದೆಯಲ್ಲ, ಮುಟ್ಟಿಕೊಳ್ಳಲಿ. ಸಿಟ್ಟಾದರೂ ಇಳಿಯಲಿ.

ಗಾಜಿನಾಚೆ ಕಾಣುತ್ತಾಳೆ. ಗ್ಲೌಸ್ ತೆಗೆದಳು. ಕೈ ತೊಳೆದಳು. ಒರೆಸಿಕೊಳ್ಳಲಿಲ್ಲ... ಕಿಟಕಿಯಿಲ್ಲದ ಕೋಣೆ, ಎಲ್ಲ ಮಬ್ಬು; ಪೆಟ್ಟಿಗೆಯ ಕಿಂಡಿಗಳಲ್ಲಿ ಮಾತ್ರ ಸ್ವಿಚ್ಚಿನ ಹಸಿರು ದೀಪಗಳು ಪಿಳಿಪಿಳಿ. ಮೇನ್ ಆಫ್ ಇದ್ದರೂ ಹೇಗೆ... ಅಯ್ಯೋ, ಯುಪಿಎಸ್! ಎಕ್ಸ್‌ರೇಗೂ ಅದೇ—