ಬಲಗಡೆಯ ಗೀರು

ಜೂನ್ 9, ಭಾನುವಾರ. ಸಂಜೆ

ಬೆಳಿಗ್ಗೆ ಎಂದಿನಂತೆ ಆನೆಯ ಸೇವೆ. ಚೈನಿಗೆ ಎಣ್ಣೆ, ಟೈರಿಗೆ ಗಾಳಿ, ಟ್ಯಾಂಕಿಗೆ ಮುದ್ದು. ಹದಿನಾರು ವರ್ಷದ ಟೂರಿಂಗ್ ಬೈಕನ್ನು ಮನೆಯಲ್ಲಿ ಯಾರೂ ಬೈಕು ಎನ್ನುವುದಿಲ್ಲ. ಆನೆಯೇ. ನಂತರ ಬೈಕ್ ಸಂಘದವರ ಜೊತೆ ಸವಾರಿ. ಹಿಂದೆ ಹೆಂಡತಿ.

ಪೆಟ್ರೋಲ್ ಬಂಕಿನಲ್ಲಿ ಸಣ್ಣ ಘಟನೆ. ಸಂಘದವರು ಮುಂದೆ ಹೋಗಿದ್ದರು. ನಿಂತಲ್ಲೇ ಗಾಡಿ ವಾಲಿತು. ಸೈಡ್ ಸ್ಟ್ಯಾಂಡ್ ಕೈಕೊಟ್ಟಿತು. ಅವಳು ಬಿದ್ದಳು. ಎಲ್ಲವನ್ನೂ ಎತ್ತಿದ್ದಾಯಿತು.

ಅವಳ ಬಲಗೈ ಮಣಿಕಟ್ಟಿನಲ್ಲಿ ಮೂಳೆ ಬಿರುಕು ಬಿಟ್ಟಿದೆಯಂತೆ. ಆರು ವಾರ ಪ್ಲಾಸ್ಟರ್. ಆನೆಗೆ ಒಂದು ಗೀರು.

ಇಷ್ಟೇ. ಬೇರೇನೂ ವಿಶೇಷವಿಲ್ಲ.

ಜೂನ್ 10, ಸೋಮವಾರ

ವಿಮಾ ಸರ್ವೇಯರ್ ಆಗಿ ನಾನು ಇಷ್ಟು ವರ್ಷ ಮಾಡಿದ ಘನಕಾರ್ಯ ಒಂದೇ — ಜಜ್ಜಿದ ಗಾಡಿಯನ್ನೂ ಅದರ ಮಾಲೀಕನ ಕಥೆಯನ್ನೂ ಅಕ್ಕಪಕ್ಕ ನಿಲ್ಲಿಸಿ ನೋಡುವುದು. ಇವತ್ತು ಬಂದವನು ಭಾರಿ ಕಥೆಗಾರ.

“ಸಾರ್, ನಾನು ನಿಂತೇ ಇದ್ದೆ. ಕಂಬಾನೇ...”

“ಕಂಬ ನಡ್ಕೊಂಡು ಬಂತಾ?”

“ಹಾಗಲ್ಲ ಸಾರ್, ಅದು ಅಲ್ಲಿ ಇರಬಾರದಾಗಿತ್ತು.”

ಮುಖಕ್ಕೆ ಹೊಡೆದ ಹಾಗೆ ಹೇಳಿ ಕಳಿಸಿದೆ. ಪಕ್ಕದ ಟೇಬಲ್ಲಿನವರೆಲ್ಲ ನಕ್ಕರು. ನಾನೂ ನಕ್ಕೆ. ನಗುತ್ತಲೇ ಫೋನ್ ತೆಗೆದು ನೋಡಿದರೆ ಸಂಘದ ಗ್ರೂಪಿನಲ್ಲಿ ಕ್ಯಾಪ್ಟನ್‌ರ ಸುತ್ತೋಲೆ. ಕ್ಯಾಪ್ಟನ್ ಸೈನ್ಯದವರಲ್ಲ, ನಿವೃತ್ತ ಡ್ರಿಲ್ ಮೇಷ್ಟ್ರು. ಆದರೆ ಭಾಷೆ ಯುದ್ಧಭೂಮಿಯದೇ.

‘ನಮ್ಮ ಹಿರಿಯ ಸದಸ್ಯರೊಬ್ಬರಿಗೆ ಅವರ ಸೈಡ್ ಸ್ಟ್ಯಾಂಡ್ ವಿಶ್ವಾಸದ್ರೋಹ ಎಸಗಿರುವ ಹಿನ್ನೆಲೆಯಲ್ಲಿ, ಸಮಸ್ತ ಸವಾರರೂ ತಂತಮ್ಮ ಸ್ಟ್ಯಾಂಡುಗಳನ್ನು ಈ ವಾರದೊಳಗೆ ತಪಾಸಣೆ ಮಾಡಿಸತಕ್ಕದ್ದು.’

ಕೆಳಗೆ ಹಾರ್ಡ್‌ವೇರ್ ಅಂಗಡಿಯವನ ಉತ್ತರ: ‘ಸ್ಪ್ರಿಂಗ್ ಬದಲಾಯಿಸಿಬಿಟ್ಟೆ ಕ್ಯಾಪ್ಟನ್. ಯಾಕೆ ರಿಸ್ಕು.’ ಇನ್ನೊಬ್ಬ ಸ್ಟ್ಯಾಂಡಿನ ಫೋಟೋವನ್ನೇ ಹಾಕಿದ್ದ. ಮೂರು ಕೋನದಿಂದ.

ನಾನು ಹೆಬ್ಬೆಟ್ಟು ಎತ್ತಿದ ಚಿತ್ರ ಒತ್ತಿದೆ. ಆ ಗ್ರೂಪಿನಲ್ಲಿ ಅವಳೂ ಇದ್ದಾಳೆ ಎಂಬುದು ಒತ್ತಿದ ಮೇಲೆ ನೆನಪಾಯಿತು.

ಮನೆಗೆ ಬಂದಾಗ ಎಡಗೈಯಲ್ಲಿ ಲೋಟ ತೊಳೆಯುತ್ತಿದ್ದಳು. ತಿರುಗದೆ ಕೇಳಿದಳು, “ಸ್ಟ್ಯಾಂಡಾ?”

“ಹ್ಞೂಂ... ಅದೇ... ಹಳೇದಲ್ವಾ.”

“ಓ.”



ಜೂನ್ 13, ಗುರುವಾರ

ಆಫೀಸಿನಿಂದ ನೇರ ಶೋರೂಮಿಗೆ. ಸುಮ್ಮನೆ ನೋಡಲು. ಎಲ್ಲರೂ ಹಾಗೇ ಹೇಳಿಕೊಂಡು ಒಳಗೆ ಹೋಗುವುದು.

ಆನೆಯನ್ನು ಮಾರಲು ಕಾರಣಗಳಿಗೇನು ಬರ. ಬಿಡಿಭಾಗ ಸಿಗುವುದಿಲ್ಲ. ವೇಗ ಹೆಚ್ಚಾದರೆ ಹಿಡಿಕೆ ಜುಂಯ್ ಎನ್ನುತ್ತದೆ, ಇಳಿದ ಮೇಲೂ ಅರ್ಧ ಗಂಟೆ ಕೈಬೆರಳು ತಾವೇ ಟೈಪ್ ಮಾಡುತ್ತಿರುತ್ತವೆ. ದೀಪ ಮಂಕು. ಇಟ್ಟುಕೊಳ್ಳಲೂ ಕಾರಣಗಳಿವೆ: ಎಲ್ಲೂ ನಡುದಾರಿಯಲ್ಲಿ ನಿಲ್ಲಿಸಿಲ್ಲ. ಹಿಂದಿನ ಸೀಟು ಸೋಫಾ ಇದ್ದಂತೆ, ಅವಳು ಎಷ್ಟೋ ಸಲ ನನ್ನ ಬೆನ್ನಿಗೆ ತಲೆ ಒರಗಿಸಿ ನಿದ್ದೆ ಹೊಡೆದಿದ್ದಾಳೆ. ಬೆನ್ನಿಗೆ ಬಿಸಿ ಉಸಿರು ತಾಗಿದರೆ ನಿದ್ದೆ ಬಂತು ಎಂದು ಲೆಕ್ಕ. ಆಗ ನಾನು ಗುಂಡಿಗಳನ್ನೆಲ್ಲ ಬಳಸಿಕೊಂಡು ಹೋಗುತ್ತೇನೆ.

ನಿಜವಾದ ಕಾರಣವನ್ನು ಮಾತ್ರ ಎರಡೂ ಕಡೆ ಬರೆದಿಲ್ಲ.

ಸೇಲ್ಸಿನವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಸರ್, ನಿಮ್ಮ ಪರ್ಸನಾಲಿಟಿಗೆ ಇದೇ ಸರಿ” ಎಂದು ಅಂಗಡಿಯಲ್ಲೇ ಎತ್ತರದ ಗಾಡಿ ಹತ್ತಿಸಿದ. ಎರಡು ಪಾದಗಳಲ್ಲಿ ಯಾವುದಾದರೂ ಒಂದು ನೆಲ ಮುಟ್ಟುತ್ತಿತ್ತು. ಯಾವುದು ಎಂಬುದನ್ನು ಅವು ತಮ್ಮತಮ್ಮಲ್ಲೇ ತೀರ್ಮಾನಿಸಿಕೊಳ್ಳಬೇಕಿತ್ತು.

“ಆರಾಮಾಗಿದ್ಯಾ ಸರ್?”

“ಓಹೋ. ಭೇಷಾಗಿದೆ.”

ಇಳಿಯುವಾಗ ಕಂಬ ಹಿಡಿದುಕೊಂಡೆ. ಕಂಬ ಅಲ್ಲಿದ್ದದ್ದು ನನ್ನ ಪುಣ್ಯ.

ಜೂನ್ 16, ಭಾನುವಾರ

ಸಂಘ ಮನೆಗೇ ಬಂತು. ಬರಿಗೈಲಿ ಅಲ್ಲ. ಬಣ್ಣದ ಕಾಗದ ಸುತ್ತಿದ ಉಡುಗೊರೆ. ಬಿಚ್ಚಿದರೆ — ಹೊಚ್ಚಹೊಸ ಸೈಡ್ ಸ್ಟ್ಯಾಂಡ್. ಎಲ್ಲೂ ಸಿಗದ್ದನ್ನು ಹಾರ್ಡ್‌ವೇರ್‌ನವನು ಯಾರ್‍ಯಾರಿಗೋ ಫೋನ್ ಮಾಡಿ ತರಿಸಿದ್ದ. ಎಲ್ಲರೂ ಸೇರಿ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ಹಳೆಯದನ್ನು ಬಿಚ್ಚಿದರು.

ಕ್ಯಾಪ್ಟನ್ ಅದನ್ನು ಬೆಳಕಿಗೆ ಹಿಡಿದರು. “ನೋಡಿ, ನೋಡೋಕೆ ಎಷ್ಟು ಗಟ್ಟಿಯಾಗಿದೆ! ಒಳಗೊಳಗೇ ಟೊಳ್ಳಾಗಿರುತ್ತೆ. ಇಂಥದ್ದನ್ನ ನಂಬಲೇಬಾರದು.”

ನಾನು ತಲೆಯಾಡಿಸಿದೆ. ಯಾರ ಬಗ್ಗೆ ಹೇಳುತ್ತಿದ್ದಾರೆ ಎಂಬ ಬಗ್ಗೆ ನನಗೆ ಅನುಮಾನವಿರಲಿಲ್ಲ.

ಸೈಡ್ ಸ್ಟ್ಯಾಂಡ್ ಇರುವುದು ಎಡಗಡೆ. ಅದು ಮಡಚಿದರೆ ಗಾಡಿ ಎಡಕ್ಕೆ ಬೀಳಬೇಕು. ಆನೆಯ ಗೀರು ಬಲಗಡೆ. ಅವಳ ಪ್ಲಾಸ್ಟರೂ ಬಲಗಡೆ. ಐದು ಜನ ಮಹಾ ಪಂಡಿತರು, ಬ್ರೇಕಿನ ಸದ್ದು ಕೇಳಿ ಗಾಡಿಯ ಜಾತಕ ಹೇಳುವವರು, ಗೀರಿನ ಪಕ್ಕದಲ್ಲೇ ಕೂತು ಕಾಫಿ ಕುಡಿದರು. ಒಬ್ಬರಿಗೂ ಹೊಳೆಯಲಿಲ್ಲ. ನನ್ನ ಮೇಲೆ ಅಷ್ಟು ನಂಬಿಕೆ. ಬೇರೆ ಯಾರಾದರೂ ಈ ಕ್ಲೈಮು ತಂದಿದ್ದರೆ ನಾನು ಕುರ್ಚಿಯಲ್ಲಿ ಕೂರಲೂ ಹೇಳುತ್ತಿರಲಿಲ್ಲ.

ಅವಳು ಎಡಗೈಯಲ್ಲಿ ಒಂದೊಂದೇ ಲೋಟ ತಂದು ಕೊಟ್ಟಳು. ಅವರು ಹೋದ ಮೇಲೆ ಹೇಳಿದಳು.

“ಗಾಡಿ ಬದಲಾಯಿಸ್ತೀರೋ ಇಟ್ಕೊತೀರೋ ನಿಮ್ಮಿಷ್ಟ. ನನಗೆ ಒಂದೇ ಒಂದು ಹೇಳಿ ಸಾಕು.”

“ಏನು?”

“ಮುಂದಿನ ಸಲ ಬಿದ್ರೆ, ಮೊದಲು ಯಾರನ್ನ ಎತ್ತುತ್ತೀರಿ?”

ಜೂನ್ 17, ಸೋಮವಾರ. ಬೆಳಿಗ್ಗೆ

ರಜೆ ಹಾಕಿದ್ದೇನೆ. ಹೊಟ್ಟೆನೋವು ಎಂದು. ಇನ್ನೊಂದು ಸುಳ್ಳು, ಇರಲಿ, ಜೊತೆಗೆ ಸೇರಿಕೊಳ್ಳಲಿ.

ಯಾರೂ ಓದದ ಡೈರಿಯಲ್ಲೂ ಸುಳ್ಳು ಬರೆದ ಮಹಾನುಭಾವ ನಾನು. ಒಂಬತ್ತನೇ ತಾರೀಖು ನೋಡಿದೆ. ‘ಎಲ್ಲವನ್ನೂ ಎತ್ತಿದ್ದಾಯಿತು.’ ಆಹಾ. ಎತ್ತಿದ್ದು ಯಾರು, ಯಾವುದನ್ನು, ಯಾವ ಕ್ರಮದಲ್ಲಿ — ಸರ್ವೇಯರ್ ಸಾಹೇಬರು ಕೇಳಲೇ ಇಲ್ಲ.

ಬಂಕಿನ ಒಳಗೆ ಇಳಿಜಾರು. ಹಿಂದೆ ಕೂತವರನ್ನು ಹೊರಗೇ ಇಳಿಸಿ ಒಳಗೆ ಹೋಗುವುದು ಸಂಘದ ರೂಢಿ. ನಾನೊಬ್ಬ ಇಳಿಸುವುದಿಲ್ಲ. “ಕೂತಿರು ಮಹಾರಾಣಿ” ಎನ್ನುತ್ತೇನೆ. ಅದು ನನ್ನ ಜಂಬ. ಅವತ್ತೂ ಹಾಗೇ. ಬಲಗಾಲು ಊರಿದೆ. ಮಂಡಿ ನಡುಗಿತು. ಒಂದು ವರ್ಷದಿಂದ ನಡುಗುತ್ತಲೇ ಇದೆ. ಇಳಿ ಎನ್ನಲು ಸಮಯವಿತ್ತು, ಧಾರಾಳ ಇತ್ತು. ಪಂಪಿನ ಹತ್ತಿರ ಜನ ನೋಡುತ್ತಿದ್ದರು. ಅನ್ನಲಿಲ್ಲ.

ಆನೆ ಬಲಕ್ಕೆ ಮಲಗಿತು. ಅವಳು ಆಚೆ ಹೋಗಿ ಬಿದ್ದಳು. ನಾನು ಎದ್ದವನೇ ಹ್ಯಾಂಡಲಿಗೆ ಕೈ ಹಾಕಿ, ಸೊಂಟ ಕೊಟ್ಟು, ಗಾಡಿಯನ್ನು ಎತ್ತಿ ನಿಲ್ಲಿಸಿದೆ. ಟ್ಯಾಂಕನ್ನು ಅಂಗೈಯಿಂದ ಒರೆಸಿದೆ. ಸ್ಟ್ಯಾಂಡ್ ಹಾಕಿದೆ, ಅದು ಬಂಡೆಯ ಹಾಗೆ ನಿಂತಿತು. ಆಮೇಲೆ ತಿರುಗಿದೆ. ಪೆಟ್ರೋಲ್ ಹಾಕುವ ಹೆಂಗಸು ಆಗಲೇ ಅವಳನ್ನು ಎಬ್ಬಿಸಿ ಕೂರಿಸಿದ್ದಳು.

ಅವಳು ಕೈ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದಳು. ನೋವಿನ ಮುಖ ಅಲ್ಲ. ಯಾವುದೋ ಹಳೆಯ ಪರಿಚಯದವರನ್ನು ಎಲ್ಲಿ ನೋಡಿದ್ದೆ ಎಂದು ಯೋಚಿಸುವವರ ಮುಖ.

ಬರೆದೆ. ಹಗುರಾಗಬಹುದು ಅಂದುಕೊಂಡಿದ್ದೆ. ಇಲ್ಲ.

ಜುಲೈ 23, ಮಂಗಳವಾರ

ಪ್ಲಾಸ್ಟರ್ ಬಿಚ್ಚಿಸಿದೆವು. ಕೈ ಬಿಳಿಚಿಕೊಂಡು ಸಣ್ಣದಾಗಿದೆ, ಬೇರೆ ಯಾರದ್ದೋ ಕೈ ಜೋಡಿಸಿದಂತೆ. ಆಟೋದಲ್ಲಿ ಮನೆಗೆ. ಈ ಆರು ವಾರ ಅವಳು ಆನೆಯ ಹತ್ತಿರ ಸುಳಿದಿಲ್ಲ. ನಾನೂ ಅವಳ ಪ್ರಶ್ನೆಯ ಹತ್ತಿರ ಸುಳಿದಿಲ್ಲ.

ಜುಲೈ 27, ಶನಿವಾರ

ಇಬ್ಬರೂ ಶೋರೂಮಿಗೆ. ಈ ಸಲ ನಾನೇ ಹಗುರವಾದ, ತಗ್ಗಿನ ಗಾಡಿ ಕೇಳಿದೆ. “ಸರ್, ಇದು ಸ್ವಲ್ಪ...” ಎಂದ ಸೇಲ್ಸಿನವನು. “ಇದೇ ಕೊಡಪ್ಪ” ಎಂದೆ. ಒಂದು ಸುತ್ತು ಹೋಗಿ ಬಂದೆವು. ಅವಳು ನನ್ನ ಭುಜ ಹಿಡಿಯಲಿಲ್ಲ, ಸೀಟಿನ ಹಿಂದಿನ ಕಂಬಿ ಹಿಡಿದಿದ್ದಳು.

ಶೋರೂಮಿನ ಬಾಗಿಲಲ್ಲಿ ಇಳಿಜಾರು. ನಿಲ್ಲಿಸಿದೆ. ಗಾಡಿ ಬಲಕ್ಕೆ ವಾಲಿತು. ಮಂಡಿ ನಡುಗಿತು — ಆದರೆ ತಡೆಯಿತು! ಸಾಮ್ರಾಜ್ಯ ಗೆದ್ದವನ ಹಾಗೆ, “ನೋಡಿದ್ಯಾ?” ಎಂದು ತಿರುಗಿದೆ.

ಸೀಟು ಖಾಲಿ.

ನಾಲ್ಕು ಮಾರು ಹಿಂದೆ ನಿಂತಿದ್ದಳು. ಎಡಗೈಯಿಂದ ಬಲ ಮಣಿಕಟ್ಟು ಮುಚ್ಚಿಕೊಂಡು.

“ಯಾವಾಗ ಇಳಿದೆ?”

“ನೀವು ಬ್ರೇಕ್ ಹಿಡಿದಾಗಲೇ.”

“ಮೇಡಂ ಭಾರಿ ಚುರುಕು!” ಎಂದ ಸೇಲ್ಸಿನವನು.

ಮನೆಗೆ ಬಂದು ಹೇಳಿಬಿಟ್ಟೆ. ಮುಂದಿನ ಸಲ ಮೊದಲು ನಿನ್ನನ್ನೇ ಎತ್ತುತ್ತೇನೆ, ಆಣೆಗೂ, ಇತ್ಯಾದಿ. ವಾರಗಟ್ಟಲೆ ತಿದ್ದಿದ ಭಾಷಣ. ಅವಳು ಬಟ್ಟೆ ಮಡಿಸುವುದನ್ನು ನಿಲ್ಲಿಸಲಿಲ್ಲ.

“ಎತ್ತೋದು ಇರ್ಲಿ ಬಿಡಿ. ಬೀಳೋ ಮೊದ್ಲೇ ನಿಮಗೆ ಗೊತ್ತಾಗುತ್ತಲ್ವಾ?”

“...ಆಗುತ್ತೆ.”

“ಆಗ ಬಾಯಿ ಬಿಡಿ. ಕಾಲು ತಡೀತಿಲ್ಲ, ಇಳಿ ಅಂತ. ಯಾರು ನೋಡ್ತಿದ್ರೂ ಸರಿ. ಅಷ್ಟು ಆಗಲ್ಲಾಂದ್ರೆ ನೀವು ಯಾವ ಗಾಡೀಲಾದ್ರೂ ಹೋಗ್ರೀ, ನಾನು ಬಸ್ಸಲ್ಲಿ ಬರ್ತೀನಿ.”

ಜುಲೈ 28, ಭಾನುವಾರ

ಹೋಟೆಲಿನಲ್ಲಿ ಸಂಘದ ಸಭೆ. ಅವಳೂ ಬಂದಿದ್ದಳು. ಬಸ್ಸಿನಲ್ಲಿ.

ಆನೆ ಮಾರುತ್ತಿದ್ದೇನೆ, ಹಗುರದ್ದು ತೆಗೆದುಕೊಳ್ಳುತ್ತೇನೆ ಎಂದೆ. ಹಾರ್ಡ್‌ವೇರ್‌ನವನು ಎದೆ ಹಿಡಿದುಕೊಂಡ. “ಅಲ್ಲಣ್ಣಾ, ಈಗಷ್ಟೇ ಸ್ಟ್ಯಾಂಡ್ ಹಾಕಿದ್ವಲ್ಲ!”

“ಸ್ಟ್ಯಾಂಡ್ ಸರಿಯಾಗೇ ಇತ್ತು. ಸರಿ ಇಲ್ಲದ್ದು ನನ್ನ ಮಂಡಿ.”

ಉಳಿದದ್ದನ್ನೂ ಹೇಳಿದೆ. ಟ್ಯಾಂಕ್ ಒರೆಸಿದ್ದರವರೆಗೆ. ದನಿ ಎಲ್ಲಿಗೋ ಹೋಗಿ ವಾಪಸ್ಸು ಬರುತ್ತಿತ್ತು. ಕಿವಿ ಕಾದ ಹೆಂಚು.

ಕ್ಯಾಪ್ಟನ್‌ರಿಗೆ ಬೇರೆಯದೇ ಸಂಕಟ. “ನಾನು ಸುತ್ತೋಲೆ ಕಳಿಸಿಬಿಟ್ನಲ್ಲಪ್ಪಾ!” ಸ್ವಲ್ಪ ಹೊತ್ತಿಗೆ ಮನಸ್ಸು ಕರಗಿ ನನ್ನ ಬೆನ್ನು ತಟ್ಟಿದರು. “ಹೋಗ್ಲಿ ಬಿಡಿ. ನಾನಾಗಿದ್ರೂ ಮೊದ್ಲು ಗಾಡೀನೇ ಎತ್ತಿರ್ತಿದ್ದೆ. ಕೈ ತಾನಾಗೇ ಹೋಗುತ್ತೆ.”

ಅವರ ಹೆಂಡತಿ ಅವರ ಬೆನ್ನಿಗೇ ಕೂತಿದ್ದರು.

“ಹೌದೇನ್ರೀ?” ಎಂದರು.

ಕ್ಯಾಪ್ಟನ್‌ರ ಕೈ ನನ್ನ ಬೆನ್ನ ಮೇಲೇ ಉಳಿಯಿತು. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ನನ್ನ ತಪ್ಪು ಆ ನಗೆಯಲ್ಲಿ ತೇಲಿಹೋಯಿತು. ಇಷ್ಟು ಸುಲಭಕ್ಕೆ ಹೋಗಬಾರದಿತ್ತು. ಅವಳು ನಗಲಿಲ್ಲ. ತನ್ನ ತಟ್ಟೆಯನ್ನು ಬಲಗೈಯಿಂದ ಎತ್ತಲು ನೋಡಿ, ಎಡಗೈಗೆ ಬದಲಾಯಿಸಿಕೊಂಡಳು.

ಆಗಸ್ಟ್ 4, ಭಾನುವಾರ

ಆನೆಯನ್ನು ಕೊಳ್ಳುವವರು ನಾಳೆ ಬರುತ್ತಾರೆ. ಬೆಳಿಗ್ಗೆ ಒರೆಸುತ್ತಿದ್ದೆ. ಗೀರಿನ ಹತ್ತಿರ ಬಂದಾಗ ಬಟ್ಟೆ ಮಡಿಸಿ ಇಟ್ಟೆ. ಪಾಲಿಶ್ ಮಾಡಿದರೆ ಹೋಗುತ್ತದೆ, ಮಾಡಲಿಲ್ಲ. ಕೇಳಿದರೆ ಹೇಗಾಯಿತೆಂದು ಹೇಳುತ್ತೇನೆ.

ಬಾಗಿಲಲ್ಲಿ ಅವಳು. ಚಪ್ಪಲಿ ಅಲ್ಲ, ಶೂ ಹಾಕಿದ್ದಳು.

“ಒಂದು ಸುತ್ತು ಹೋಗೋಣ್ವಾ? ಸೋಫಾ ಹೋಗಿಬಿಡುತ್ತಲ್ಲ.”

ಹತ್ತಿದಳು. ಕಂಬಿಯನ್ನೇ ಹಿಡಿದಳು. ದೊಡ್ಡ ರಸ್ತೆ ಸೇರುವಲ್ಲಿ ಏರು, ಕೆಂಪು ದೀಪ. ಪಕ್ಕದ ಬಸ್ ಸ್ಟಾಪಿನಲ್ಲಿ ತುಂಬಿದ ಜನ, ಎಲ್ಲರಿಗೂ ನೋಡಲು ನಾವೇ. ಬಲಗಾಲು ಊರಿದೆ. ಶುರುವಾಯಿತು ನಡುಕ. ದೀಪ ಇನ್ನೇನು ಹಸಿರಾಗಬಹುದು... ತಡೆಯಬಹುದು... ಹೇಳಲೇಬೇಕೆಂದೇನೂ...

“ಇಳಿಯೇ. ನನ್ನ ಕಾಲು ತಡೀತಿಲ್ಲ.”

ಬೇಕಾದ್ದಕ್ಕಿಂತ ಮೂರು ಪಟ್ಟು ಜೋರಾಗಿ ಬಂತು. ಬಸ್ ಸ್ಟಾಪು ಪೂರಾ ತಿರುಗಿತು. ಯಾರೋ ಕಿಸಕ್ಕೆಂದರು.

ಅವಳು ಅವಸರ ಮಾಡದೆ ಇಳಿದಳು. ದೂರ ಹೋಗಿ ನಿಲ್ಲುತ್ತಾಳೆ ಅಂದುಕೊಂಡೆ. ಹೋಗಲಿಲ್ಲ. ಸುತ್ತಿಕೊಂಡು ಬಲಗಡೆಗೆ ಬಂದಳು. ಬಿಳಿಚಿದ ಆ ಕೈಯನ್ನು ಟ್ಯಾಂಕಿಗೆ ಕೊಟ್ಟು, ಕಾಲು ಅಗಲಿಸಿ ನಿಂತು, “ಹ್ಞೂಂ, ಈಗ ನಿಧಾನಕ್ಕೆ ಕಾಲು ಸರಿಮಾಡ್ಕೊಳಿ, ನಾನು ಹಿಡ್ಕೊಂಡಿದ್ದೀನಿ” ಎಂದಳು.