ಜಾಬೆಜನ ಹೆಂಡತಿ

ಕೋಲ್ಡ್‌ಬ್ರೂಕ್, ಕನೆಕ್ಟಿಕಟ್
೯ ನವೆಂಬರ್ ೧೯೮೭

ಪ್ರೀತಿಯ ಮಗಳು ಕೊರಿನ್‌ಗೆ ಅಪ್ಪನ ಆಶೀರ್ವಾದಗಳು.

ನಿನ್ನ ಮೂರು ಕಾಗದಗಳಿಗೂ ಸೇರಿಸಿ ಈ ಒಂದೇ ಉತ್ತರ. ಸಿಟ್ಟಾಗಬೇಡ. ತಡ ಮಾಡಿದವನು ನಾನಲ್ಲ, ನಮ್ಮ ಮೂಲಪುರುಷ ಜಾಬೆಜ್ ಸ್ಯಾಟರ್ಲಿ. ೧೭೧೩ರಲ್ಲಿ ಈ ಊರು ಕಟ್ಟಿದ ಹನ್ನೊಂದು ಮಂದಿ ಮಹಾನುಭಾವರಲ್ಲಿ ಒಬ್ಬ. ಕಾಡು ಕಡಿದ, ಹೊಲ ಉತ್ತ, ಹನ್ನೊಂದು ಮಕ್ಕಳ ತಂದೆಯಾದ. ಹೆಂಡತಿಯ ಹೆಸರನ್ನು ಒಂದು ಚೀಟಿಯಲ್ಲಿ ಗೀಚಲು ಮಾತ್ರ ಪುಣ್ಯಾತ್ಮನಿಗೆ ಪುರುಸೊತ್ತಾಗಲಿಲ್ಲ.

ವಂಶಾವಳಿ ಹುಡುಕುವ ಈ ಹುಚ್ಚನ್ನು ಮನೆಗೆ ತಂದವಳು ನಿನ್ನ ಅಮ್ಮ ಎಂಬುದು ನಿನಗೆ ಗೊತ್ತೇ ಇದೆ. "ಹನ್ನೊಂದು ಹೆತ್ತಿದಾಳೆ ವೆಂಡೆಲ್, ಒಬ್ಬನಿಗಾದ್ರೂ ಅವಳ ಹೆಸರು ಬರೀಬೇಕು ಅನ್ನಿಸ್ಲಿಲ್ವಾ?" ಎಂದು ನನ್ನನ್ನೇ ತರಾಟೆಗೆ ತೆಗೆದುಕೊಳ್ಳುತ್ತಿದ್ದಳು, ನಾನೇ ಜಾಬೆಜ್ ಎಂಬಂತೆ. ಅವಳು ಹೋದ ಮೇಲೆ ಆ ಕಾಗದಗಳ ಗಂಟು ನನ್ನ ಕೊರಳಿಗೆ ಬಿತ್ತು. ಬರುವ ಮೇ ತಿಂಗಳಿಗೆ ಊರಿಗೆ ಇನ್ನೂರ ಎಪ್ಪತ್ತೈದು ತುಂಬುತ್ತದೆ. ಅಂದು ಮೂಲ ಮನೆತನಗಳ ಸಂಘ ಒಪ್ಪಿದ ವಂಶಾವಳಿಗಳನ್ನು ಚರ್ಚಿನಲ್ಲಿ ಎದ್ದು ನಿಂತು ಓದುತ್ತಾರೆ. ನಮ್ಮದನ್ನೂ ಓದಿಸಬೇಕೆಂಬುದು ಅವಳ ಆಸೆಯಾಗಿತ್ತು.

ಅದಕ್ಕೇ ಆ ಕಾಲದ ಪಾದ್ರಿಯ ದಿನಚರಿಯನ್ನು ಭೂತಗನ್ನಡಿ ಹಿಡಿದು ಓದಿದೆ. ಜಾಬೆಜನ ಹಂದಿ ಬೇಲಿ ಹಾರಿದ್ದಕ್ಕೆ ಅರ್ಧ ಪುಟ! ಹಂದಿಯ ಬಣ್ಣ, ಕಿವಿ ಕತ್ತರಿಸಿದ ಗುರುತು, ಅದರ ಸ್ವಭಾವ, ಎಲ್ಲ ಇದೆ. ಕೆಳಗೆ ಒಂದೇ ಸಾಲು: "ಜಾಬೆಜನ ಹೆಂಡತಿ ತೀರಿಕೊಂಡಳು. ಹಿಮ ಬಿತ್ತು." ಆ ಪಾದ್ರಿ ಕೈಗೆ ಸಿಕ್ಕಿದ್ದರೆ ನಾನು ಮಾಡುತ್ತಿದ್ದುದನ್ನು ಮಗಳಿಗೆ ಬರೆಯುವಂತಿಲ್ಲ.

ಇನ್ನು ಮಕ್ಕಳು. ಸತ್ತ ಕೂಸಿನ ಹೆಸರನ್ನೇ ಮುಂದಿನ ಕೂಸಿಗೆ ಇಡುವುದು ಆ ಜನರ ಪದ್ಧತಿ. ಹಾಗಾಗಿ ಒಂದೇ ಮನೆಯಲ್ಲಿ ಮೂವರು ಜಾಬೆಜರು. ಬದುಕಿ ನಮಗೆ ಅಜ್ಜನಾದವನು ಮೂರನೆಯವನು ಎಂದು ತಿಳಿಯಲು ನನಗೆ ಆರು ವಾರ ಹಿಡಿಯಿತು. ಕೊನೆಗೆ ಹಳೆಯ ಸ್ಮಶಾನಕ್ಕೆ ಹೋಗಿ, ಸವೆದ ಅಕ್ಷರ ಕಾಣಲೆಂದು ಆ ತಾಯಿಯ ಗೋರಿಕಲ್ಲಿಗೆ ಹಿಟ್ಟು ತಿಕ್ಕುತ್ತ ಕುಳಿತೆ. ಗುಂಡಿ ತೋಡುವ ಬಾರ್ನಿ ಬಂದ. "ಏನಪ್ಪಾ ವೆಂಡೆಲ್, ಸತ್ತೋರಿಗೆ ಪ್ಯಾನ್‌ಕೇಕ್ ಹುಯ್ಯೋಕೆ ಕೂತ್ಯಾ?" ಹಿಟ್ಟೆಲ್ಲ ತಿಕ್ಕಿದ ಮೇಲೆ ಕಂಡದ್ದು: "ಜಾಬೆಜನ ಹೆಂಡತಿ." ಅದು ನನಗೆ ಮೊದಲೇ ಗೊತ್ತಿತ್ತು!

ಸಂಘದ ಕಾರ್ಯದರ್ಶಿ ಮಿಸೆಸ್ ಟಟಲ್ ನನ್ನ ಅರ್ಜಿಯನ್ನು ಎರಡನೆಯ ಸಲವೂ ಹಿಂದಿರುಗಿಸಿದರು.

"ಖಾಲಿ ಜಾಗ ಇದೆ ಮಿಸ್ಟರ್ ಸ್ಯಾಟರ್ಲಿ. ನಾನು ಮುದ್ರೆ ಒತ್ತಲ್ಲ."

"ಇನ್ನೂರೈವತ್ತು ವರ್ಷದಿಂದ ಖಾಲಿ ಇದೆ ಮೇಡಂ. ಬಿಟ್ಟೋನು ನಾನಲ್ಲ!"

ಜಗಳವಾಡಿ ಎದ್ದು ಬಂದೆ. ಟೊಪ್ಪಿಗೆಯನ್ನು ಅಲ್ಲೇ ಬಿಟ್ಟು ಬಂದದ್ದರಿಂದ, ನಾಚಿಕೆ ಬಿಟ್ಟು ಮತ್ತೆ ಒಳಗೆ ಹೋಗಬೇಕಾಯಿತು.

ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ತಪ್ಪದೆ ಬಾ. ಟರ್ಕಿ ಕೋಳಿಯನ್ನು ನಾನೇ ಬೇಯಿಸುತ್ತೇನೆ. ದಾರಿಯಲ್ಲಿ ಹೊಟ್ಟೆ ತುಂಬಿಸಿಕೊಂಡೇ ಬರುವುದು ಒಳ್ಳೆಯದು. ನಿನಗೂ ಮಕ್ಕಳಿಗೂ ದೇವರು ಆರೋಗ್ಯ ಕೊಡಲಿ, ಓದಲು ಬರುವಂಥ ಕೈಬರಹವನ್ನೂ ಕೊಡಲಿ.

ನಿನ್ನ ಅಪ್ಪ,
ವೆಂಡೆಲ್ ಸ್ಯಾಟರ್ಲಿ

ಮರೆತ ಮಾತು: ಮಿಸೆಸ್ ಟಟಲ್ ಹೇಳಿದ್ದನ್ನು ನಾನು ಪೂರ್ತಿ ಬರೆಯಲಿಲ್ಲ. ಹಳೆಯ ಹೆಸರು ಸಿಗದಿದ್ದರೆ "ತಿಳಿಯದು" ಎಂದು ಬರೆದರೆ ಸಾಕಂತೆ. ಟೊಪ್ಪಿಗೆ ಕೊಡುವಾಗ ಆಕೆ ಬೆರಳಿಟ್ಟು ತೋರಿಸಿದ್ದು ಅರ್ಜಿಯ ಮೊದಲ ಸಾಲನ್ನು: ನಾನು, ನನ್ನ ಹೆಂಡತಿ ಲೋಯಿಸ್, ಹುಟ್ಟಿದ ದಿನ, ಮದುವೆಯ ದಿನ. ಅದರ ಮುಂದೆ, ಅವಳ ಕೊನೆಯ ದಿನದ ಚೌಕ ಖಾಲಿ. "ಇದು ನಿಮಗೆ ಗೊತ್ತಿರೋದೇ ಅಲ್ವಾ?" ಎಂದು ಮೆತ್ತಗೆ ಕೇಳಿದರು. ಗೊತ್ತು ಮಗಳೇ. "ಫೆಬ್ರವರಿ" ಎಂದು ಬರೆಯುವಷ್ಟರಲ್ಲಿ ಕೈ ನಿಂತುಬಿಡುತ್ತದೆ. ನೀನು ಬಂದಾಗ ಅದೊಂದನ್ನು ಬರೆದುಕೊಡು. ಆ ಹೊತ್ತಿಗೆ ನಾನು ಹಿತ್ತಿಲಲ್ಲಿ ಸೌದೆ ಒಡೆಯುತ್ತಿರುತ್ತೇನೆ. ಮುಗಿದ ಮೇಲೆ ಕರೆ.